ನೊಣ ತಿನ್ನುವ ಗಿಡಕ್ಕೆ ಬಿಸಿಲು ಕಾಯಿಸಿದ್ದು

ಶಿಸ್ತಿಲ್ಲದ ಮನೆಯಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. ನಮ್ಮದು ಶಿಸ್ತಿನ ಮನೆ. ಹಾಗಾಗಿ ದೊಡ್ಡಬಳ್ಳಾಪುರದಲ್ಲಿ ದಿನಕ್ಕೊಮ್ಮೆಯಾದರೂ ಬೆಚ್ಚುವವಳು ನಾನೇ.

ಕಾನ್ವೆಂಟಿನ ಸಹಪಾಠಿಯೊಬ್ಬಳು ಬೆಂಗಳೂರಿನಿಂದ ನೊಣ ತಿನ್ನುವ ಗಿಡ ತಂದುಕೊಟ್ಟಳು. ಎಲೆಯ ತುದಿಗಳಲ್ಲೆಲ್ಲ ಹಲ್ಲಿರುವ ಪುಟ್ಟ ಬಾಯಿಗಳು.

"ಮೊದಲು ನೆರಳಿನ ಬೆಳಕು, ಆಮೇಲೆ ಎಳೆಬಿಸಿಲು, ನಿಧಾನಕ್ಕೆ ಪೂರ್ತಿ ಬಿಸಿಲು. ಹೊಂದಿಕೊಂಡರೆ ಬಾಯೊಳಗೆ ಕೆಂಪಾಗುತ್ತೆ. ಶ್ರಾವಣದಲ್ಲಿ ಬರ್ತೀನಿ. ಕೆಂಪಾಗದಿದ್ದರೆ ವಾಪಸ್ ಒಯ್ತೀನಿ. ಸ್ಕೂಲಲ್ಲಿ ನಿನ್ನ ಕೈಲಿ ಹುರುಳಿಕಾಳೂ ಮೊಳೆತಿರಲಿಲ್ಲ!" ಎಂದಳು.

ಶಿಸ್ತಿಗೆ ಬ್ಯಾಡ್ಜ್ ಪಡೆದ ನನಗೆ ಈ ಮಾತು!

೧. ತುಳಸಿಯ ನೆರೆ

ಬೆಳಕು ಸೋಸಿ ಬರುವ ಜಾಗವೆಂದರೆ ತುಳಸಿಕಟ್ಟೆಯ ಮಗ್ಗುಲು. ಅಲ್ಲಿಟ್ಟೆ. ಪಕ್ಕದ ಮನೆಯವರು ಸೀರೆ ನೇಯುವವರು. ಆ ಮನೆಯಾಕೆ ಹೂವಿಗೆಂದು ಬಂದು, "ಅಕ್ಕಾ, ಇದು ಮಾಂಸ ತಿನ್ನುತ್ತಂತೆ?" ಎಂದರು.

"ಮಾಂಸವಲ್ಲ. ನೊಣ ಮಾತ್ರ."

"ನೊಣ ಏನು ಸೊಪ್ಪಿನ ಜಾತೀನಾ?"

ಗಿಡವನ್ನು ತುಳಸಿಯ ಮಗ್ಗುಲಿಂದ ಎತ್ತಿ ಎಳೆಬಿಸಿಲಿನ ಕಿಟಕಿಗೆ ಸಾಗಿಸಿದೆ.

೨. ಮಗ್ಗದ ಬೆಳಕು

ಮೋಡ ಕವಿದ ವಾರ ಅತ್ತೆಯೂ ಸೇರಿ ನಾವೆಲ್ಲ ಮದುವೆಗೆ ಹೋಗಬೇಕಾಯಿತು. "ನಮ್ಮ ಮಗ್ಗದ ಶೆಡ್ಡಲ್ಲಿ ಹಗಲೂ ರಾತ್ರಿ ಟ್ಯೂಬ್‌ಲೈಟು ಉರೀತಿರುತ್ತೆ, ಬಿಟ್ಟೋಗಿ ಅಕ್ಕಾ," ಎಂದರು ಪಕ್ಕದ ಮನೆಯಾಕೆ.

ಹಿಂತಿರುಗಿದವಳೇ ಶೆಡ್ಡಿಗೆ ಹೋಗಿ ನೋಡಿದೆ. ಬಾಯಿಗಳೆಲ್ಲ ಬಿಗಿಯಾಗಿ ಮುಚ್ಚಿವೆ. ಹಲ್ಲುಗಳ ಸಂದಿಯಲ್ಲಿ ಗುಲಾಬಿ ರೇಷ್ಮೆಯ ಎಳೆಗಳು ನೇತಾಡುತ್ತಿವೆ! ಪವರ್‌ಲೂಮಿನಿಂದ ಹಾರಿದ ನೂಲಿನ ಚೂರನ್ನೆಲ್ಲ ನುಂಗಿತ್ತು.

"ಬೇಜಾರಾಗ್ಬೇಡಿ ಅಕ್ಕಾ. ನಿಮ್ಮನೇದಲ್ವಾ, ರೇಷ್ಮೇನೇ ಕೇಳುತ್ತೆ," ಎಂದರು ಆಕೆ.

೩. ಶ್ರಾವಣ

ಹೊಸ ಬಾಯಿಗಳು ಮೂಡಿದವು. ಇನ್ನು ಪೂರ್ತಿ ಬಿಸಿಲು ತಡೆಯುತ್ತದೆಂದು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟೆ. ದಿನಾ ಬೆಳಗ್ಗೆ ನೀರು ಕೊಟ್ಟೆ. ಅದೋ ಕೆಂಪಾಗುವ ಬದಲು ಬಿಳಿಚಿಕೊಳ್ಳುತ್ತಾ ಹೋಯಿತು. ಕಾರಣ ತಿಳಿಯಲಿಲ್ಲ.

ಗೆಳತಿ ಬಂದೇಬಿಟ್ಟಳು. ಹಿತ್ತಲಿಗೆ ಹೋದರೆ ಗಿಡ ಕಾಣಿಸಲಿಲ್ಲ. ಕಲ್ಲಿನ ಮೇಲೆ ಬಿದಿರಿನ ಮಂಕರಿಯೊಂದು ಬೋರಲು ಬಿದ್ದಿತ್ತು. ಗೆಳತಿ ಎತ್ತಿದಳು. ಪ್ರತಿ ಬಾಯೊಳಗೂ ಕಡುಗೆಂಪು!

"ನಾನೇ ಸೋತೆ ಕಣೇ!" ಎನ್ನುತ್ತಾ ಮುಟ್ಟಿದಳು. ಬೆರಳೂ ಕೆಂಪಾಯಿತು.

ಹಿಂದಿನಿಂದ ನಮ್ಮತ್ತೆ ಬಂದರು. ದೊಡ್ಡಬೆಳವಂಗಲದ ಬೇಸಾಯದ ಮನೆಯವರು. "ಶ್ರಾವಣ ಕಣಮ್ಮ. ಮನೇಲಿ ಯಾರೂ ಬಾಡು-ಮಾಂಸ ಮುಟ್ಟಲ್ಲ, ಇದೊಂದು ಎಲ್ಲರ ಮುಂದೆ ತಿಂತಾ ಕೂತ್ರೆ ಚೆಂದವಾ? ನೀನು ನೀರು ಹಾಕಿ ಒಳಗೆ ಹೋದ್ಮೇಲೆ ದಿನಾ ಮಂಕರಿ ಮುಚ್ಚಿ, ಬೆಳಗಾಗೋ ಮುಂಚೆ ತೆಗೀತಿದ್ದೆ. ಕೆಂಪಾಗದಿದ್ರೆ ಒಯ್ತಾರೆ ಅಂತ ಪೇಚಾಡ್ತಿದ್ಯಲ್ಲ, ಅದಕ್ಕೇ ಇವತ್ತು ಬಾಯಿಬಾಯಿಗೂ ಕುಂಕುಮ ಇಟ್ಟೆ."

ಬೆಳಕಿಲ್ಲದೆ ಸೊರಗಿದ ಆ ಬಾಯಿಗಳಿಗೆ ಮುಚ್ಚಿಕೊಳ್ಳುವ ತ್ರಾಣವಿರಲಿಲ್ಲ. ನನ್ನ ಬಾಯಿಗೂ ಇರಲಿಲ್ಲ.

ಗೆಳತಿ ಕುಂಡವನ್ನು ಕಂಕುಳಿಗೆ ಸೇರಿಸಿ, ಬೆರಳು ಒರೆಸಲು ಕರವಸ್ತ್ರ ತೆಗೆದಳು.

"ಒರೆಸ್ಬೇಡ, ಹಣೆಗಿಟ್ಕೋ," ಎಂದು ಅತ್ತೆ ಅವಳ ಕಂಕುಳಿನಿಂದ ಕುಂಡ ಬಿಡಿಸಿಕೊಂಡರು. "ಕುಂಕುಮ ತಗೊಂಡ ಮನೆಯಿಂದ ಕೊಟ್ಟಿದ್ದನ್ನ ವಾಪಸ್ ಒಯ್ತಾರೇನಮ್ಮಾ ಯಾರಾದ್ರೂ?"