ನನ್ನ ಕಾವಲಿನ ನಿಂಬೆಗಿಡ

ಇಪ್ಪತ್ತು ವರ್ಷದಿಂದ ಕಾರ್ಖಾನೆಯ ಗೇಟು ಕಾಯುತ್ತಿದ್ದೇನೆ. ನನ್ನ ಕಣ್ಣು ತಪ್ಪಿಸಿ ಒಂದು ಮೊಳೆಯೂ ಆಚೆ ಹೋಗಿಲ್ಲ. (ಮ್ಯಾನೇಜರರ ಚೀಲವನ್ನೂ ಬಿಟ್ಟವನಲ್ಲ.) ಇಂಥ ನಾನು ಮನೆಯಂಗಳದ ಒಂದು ನಿಂಬೆಗಿಡ ಕಾಯಲಾರೆನೆ?

ಅದು ಸಾಮಾನ್ಯ ನಿಂಬೆಯಲ್ಲ. ಒಂದರ ತುದಿಗೊಂದು ಅಂಟಿಕೊಂಡಂಥ ಜೋಡಿ ಎಲೆ, ಎಣ್ಣೆ ಸವರಿದಂಥ ಹಸಿರು. ಅಡುಗೆಗೆ ಹಾಕುವ ಆ ಎಲೆಯ ಪರಿಮಳವೂ ಅದ್ಭುತವಂತೆ. (ಲಾರಿ ಹೊಗೆ ಕುಡಿದು ನನ್ನ ಮೂಗು ಎಂದೋ ನಿವೃತ್ತಿಯಾಗಿದೆ, ಕಣ್ಣು ಮಾತ್ರ ಸೇವೆಯಲ್ಲಿದೆ.) ಸಸಿ ಕೊಡುವಾಗ ನರ್ಸರಿಯ ಅಜ್ಜ, "ಇದರ ಎಲೆಯೇ ಚಿನ್ನ ಕಣಪ್ಪಾ" ಅಂದಿದ್ದರು. ಚಿನ್ನವನ್ನು ಯಾರಾದರೂ ಹೆಚ್ಚಿ ಬೇಯಿಸುತ್ತಾರೆಯೇ? ಅವತ್ತೇ ಮನೆಯವಳಿಗೆ ಆಜ್ಞೆ ಹೊರಡಿಸಿದೆ.

"ಒಂದೆಲೆ ಕಿತ್ತರೂ ನೋಡು!"

"ಅಡುಗೆಗಲ್ದೆ ಮತ್ಯಾಕ್ರೀ ಇದು? ನೋಡ್ಕೊಂಡು ಕೂರೋಕಾ?"

"ಹೂಂ, ನೋಡೋಕೇ."

ಅವಳು ನಕ್ಕು ಒಳಗೆ ಹೋದಳು. ಅಲ್ಲೇ ನನಗೆ ಸಂಶಯ ಬರಬೇಕಿತ್ತು.

ಎರಡು ವರ್ಷದಲ್ಲಿ ಗಿಡ ಕೊಡೆ ಬಿಚ್ಚಿದಂತೆ ಹರಡಿತು. ನನ್ನ ಎದೆಯೂ ಉಬ್ಬಿತು. ಈ ನಡುವೆ ಮನೆಯವಳ ಕೈರುಚಿಯೂ ಏರಿತ್ತೆನ್ನಿ. ಮಧ್ಯಾಹ್ನ ನಾನು ಡಬ್ಬಿಯ ಮುಚ್ಚಳ ತೆಗೆದರೆ ಸುತ್ತಲಿನವರೆಲ್ಲ ಮೂಗು ಅರಳಿಸುತ್ತಿದ್ದರು.

"ಅಣ್ಣಾ, ಅತ್ತಿಗೆ ಇದಕ್ಕೆ ಏನು ಹಾಕ್ತಾರೆ?"

"ಪ್ರೀತಿ," ಎನ್ನುತ್ತಿದ್ದೆ ನಾನು, ಬಲು ಗಂಭೀರವಾಗಿ.

ಮೊನ್ನೆ ನರ್ಸರಿಯ ಅಜ್ಜ ಮನೆಗೆ ಬಂದರು. "ನೋಡಿ ಅಜ್ಜಾ, ಎರಡು ವರ್ಷ ಒಂದೆಲೆ ಕೀಳೋಕೆ ಬಿಟ್ಟಿಲ್ಲ!" ಎಂದು ಬೀಗಿದೆ. ಅಜ್ಜ ಕನ್ನಡಕ ಏರಿಸಿ ಒಂದೊಂದೇ ಕುಡಿ ನೋಡಿದರು.

"ಯಾರಪ್ಪಾ ಚಿವುಟಿದ್ದು? ಎಂಥಾ ಕೈ! ಗೆಣ್ಣು ನೋಡಿ ತುದಿ ತೆಗ್ದಿದಾರೆ. ಅದಕ್ಕೇ ಇಷ್ಟು ಕವಲು. ನೀನು ಹೇಳ್ದಂಗೆ ಒಂದೆಲೆನೂ ಕೀಳದಿದ್ರೆ ಇದು ಬರೀ ಕೋಲಾಗಿರ್ತಿತ್ತು."

ಹೌಹಾರಿ ಬಾಗಿಲತ್ತ ತಿರುಗಿದೆ. ಮನೆಯವಳು ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಕದ್ದ ಎಲೆ ಎಲ್ಲಿಗೆ ಸಾಗಿಸಿದೆ?" ಗೇಟಿನ ದನಿಯಲ್ಲೇ ಕೇಳಿದೆ.

"ನಿಮ್ಮ ಗೇಟಿಗೇ, ನಿಮ್ಮ ಡಬ್ಬೀಲೇ! ನಡುವಿನ ನಾರು ತೆಗ್ದು, ದಾರದ ಹಾಗೆ ಹೆಚ್ಚಿ ದಿನಾ ಕಳಿಸಿದೀನಿ. ಊರವರ ಚೀಲ ಎಲ್ಲಾ ಬಿಚ್ಚಿ ನೋಡ್ತೀರಲ್ಲ, ನಿಮ್ಮದನ್ನ ಯಾವತ್ತಾದ್ರೂ ನೋಡಿದ್ರಾ?"

ಅಜ್ಜ ಅವಳಿಗೆ ಕೈಮುಗಿದರು. ಮುಗಿಯಬೇಕಾದ್ದೇ. ನನಗೂ ಮನಸ್ಸಾಯಿತು, ಆದರೆ ಹುದ್ದೆಯ ಘನತೆ ಅಡ್ಡ ಬಂತು. ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ಕೇಳಿದ್ದೆ. ಮೇಯ್ದದ್ದು ಬೇಲಿಗೇ ಗೊತ್ತಿಲ್ಲದ ಪ್ರಕರಣ ಇದೇ ಮೊದಲು.

ಮರುದಿನ ಗೇಟಿನಲ್ಲಿ ಎಲ್ಲರಿಗಿಂತ ಮೊದಲು ನನ್ನ ಡಬ್ಬಿಯನ್ನೇ ತಪಾಸಣೆ ಮಾಡಿದೆ. ಅನ್ನದ ನಡುವೆ ಮಾಲು ಸಿಕ್ಕಿತು. ಅತ್ತಿತ್ತ ನೋಡಿ, ಒಂದಗುಳೂ ಬಿಡದೆ ತಿಂದು ಸಾಕ್ಷ್ಯನಾಶ ಮಾಡಿದೆ.