ಚಿಗವ್ವ ಶುರು ಮಾಡಿದ್ದು

ನಮ್ಮ ಚಿಗವ್ವನ ಮನೆಯಲ್ಲಿ ಯಾವುದನ್ನೂ ಸುಮ್ಮನೆ ಶುರು ಮಾಡುವಂತಿಲ್ಲ! ಊಟವಿರಲಿ, ಮಾತಿರಲಿ, ಜಗಳವೇ ಇರಲಿ, ಮೊದಲು ಅದಕ್ಕೊಪ್ಪುವ ಇಂಗ್ಲಿಷ್ ಕ್ರಿಯಾಪದ ಹುಡುಕಿ, ಅವಳಿಂದ ಪಾಸು ಮಾಡಿಸಿಕೊಂಡೇ ಮುಂದುವರಿಯಬೇಕು. ಉತ್ಪ್ರೇಕ್ಷೆ ಅಂದಿರಾ? ಒಂದು ಸಲ ಆಕೆಯ ಮನೆಯ ಹೊಸ್ತಿಲು ದಾಟುತ್ತಲೇ ನಾಲ್ಕಾರು ಸೀನು ಸೀನಿದೆ.

"ಕೋಲ್ಡ್ ಸ್ಟಾರ್ಟ್ ಆಗೈತಿ ಚಿಗವ್ವ" ಅಂದೆ.

"ಸ್ಟಾರ್ಟ್ ಆಗಾಕ ನೀ ಏನ್ ಟ್ರ್ಯಾಕ್ಟರ್ ಏನೋ? ನೆಗಡಿಗೆ ಕ್ಯಾಚ್ ಅಂತಾರ. ಸರಿಯಾಗಿ ಹೇಳು, ಆಮ್ಯಾಲೆ ಕಷಾಯ."

ಸರಿಯಾಗಿ ಹೇಳುವ ತನಕ ಕಷಾಯ ಒಲೆಯ ಮೇಲೇ ಇತ್ತು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ನಾವಿರುವುದು ಕುಷ್ಟಗಿಯಲ್ಲಿ, ಅವಳು ಗಂಗಾವತಿಯಲ್ಲಿ. ಅಲ್ಲಿಂದ ದಿನಾ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿ ಇಂಗ್ಲಿಷ್ ಕಲಿಸುತ್ತಾಳೆ. ನಮ್ಮಂಥವರಿಗೆ 'ಶುರು' ಎಂಬುದೊಂದಿದ್ದರೆ ಜನ್ಮ ಕಳೆಯುತ್ತದೆ. ಅವಳಿಗೆ ಹಾಗಲ್ಲ. ಯಂತ್ರವಾದರೆ ಸ್ಟಾರ್ಟ್. ಕೋರ್ಟು, ಪರೀಕ್ಷೆ ಇಂಥ ಹೊಟ್ಟೆ ನಡುಗಿಸುವ ಕೆಲಸಗಳಿಗೆ ಕಮೆನ್ಸ್. ರಾಕೆಟ್ಟಿಗೂ ಹೊಸ ಸಾಬೂನಿಗೂ ಲಾಂಚ್. ಸಾಹೇಬರು ತಾವು ಕೈ ಹಚ್ಚದೆ ಇನ್ನೊಬ್ಬರ ಕೊರಳಿಗೆ ಕಟ್ಟುವುದೆಲ್ಲ ಇನಿಷಿಯೇಟ್. ಇನ್ನು ಬಂದು ಠಿಕಾಣಿ ಹೂಡಿ ಏಳದೇ ಇರುವಂಥದ್ದಕ್ಕೆ ಸೆಟ್ ಇನ್. "ಉದಾಹರಣೆ, ಜಡಿಮಳಿ. ಇಲ್ಲಾ, ನಿಮ್ಮಪ್ಪ ನಮ್ಮ ಮನಿಗೆ ಬಂದಾಗ" ಎಂದು ಅಪ್ಪನ ಎದುರಿಗೇ ಹೇಳಿದ್ದಳು. ಅಪ್ಪನಿಗೆ ಇಂಗ್ಲಿಷ್ ಬಾರದ್ದರಿಂದ ಹೊಗಳಿಕೆ ಎಂದುಕೊಂಡು ಇನ್ನೊಂದು ದಿನ ಉಳಿದರು!

ಒಮ್ಮೆ ನಾವಿಬ್ಬರೂ ಗಂಗಾವತಿಯಿಂದ ಕುಷ್ಟಗಿಗೆ ಬರುತ್ತಿದ್ದೆವು. ಕನಕಗಿರಿ ದಾಟಿದ ಮೇಲೆ ಬಸ್ಸು ಕೆಮ್ಮಿ, ಕೆಮ್ಮಿ, ನಿಂತೇಬಿಟ್ಟಿತು. ಮೇಲೆ ಸುಡುಬಿಸಿಲು. ಹಿಂದಿನ ಸೀಟಿನ ಹುಡುಗನೊಬ್ಬ ಫೋನಿನಲ್ಲಿ ಯಾರಿಗೋ "ಬಸ್ ಈಸ್ ನಾಟ್ ಬಿಗಿನಿಂಗ್" ಅಂದ. ಮುಗಿಯಿತಲ್ಲ! ಚಿಗವ್ವ ಎದ್ದು ಅವನತ್ತ ತಿರುಗಿ, ಕಥೆ ಬಿಗಿನ್ ಆಗುತ್ತದೆ, ಬಸ್ಸು ಆಗುವುದಿಲ್ಲ, ಬಸ್ಸೇನಿದ್ದರೂ ಸ್ಟಾರ್ಟ್ ಎಂದು ಪಾಠಕ್ಕೆ ನಿಂತಳು. ಬೆವರು ಒರೆಸಿಕೊಳ್ಳುತ್ತಿದ್ದ ಕಂಡಕ್ಟರು ಕೈಮುಗಿದ.

"ಟೀಚರ್, ಸ್ಟಾರ್ಟ್ ಅಂತರ ಅನ್ರಿ, ಬಿಗಿನ್ ಅಂತರ ಅನ್ರಿ. ಮದ್ಲ ಇಳದು ದೂಡ್ರಿ!"

ದೂಡಿದೆವು. ದೂಡುವಾಗಲೂ ಅವಳ ಪಾಠ ನಿಂತಿರಲಿಲ್ಲ.

ಇಂಥವಳಿಗೆ ಗಂಡು ಹುಡುಕುವುದೆಂದರೆ ಸುಮ್ಮನೇನು? ಅವ್ವ ಅದರಲ್ಲೇ ಹಣ್ಣಾದಳು. ಕಡೆಗೊಮ್ಮೆ ಯಲಬುರ್ಗಾ ಕಡೆಯ ಒಬ್ಬ ಗುಮಾಸ್ತ ಎಲ್ಲರಿಗೂ ಒಪ್ಪಿಗೆಯಾದ. ಬಣ್ಣ ಛಲೋ, ನೌಕರಿ ಛಲೋ, ಮೀಸೆಯಂತೂ ಬಲು ಛಲೋ. ಹುಡುಗ ಹುಡುಗಿ ಮಾತಾಡಲಿ ಎಂದು ಇಬ್ಬರನ್ನೂ ಮಾಳಿಗೆಗೆ ಕಳಿಸಿದರು. ಪಾಪ, ಆತನಿಗೆ ಟೀಚರ್ ಮುಂದೆ ಇಂಗ್ಲಿಷಿನಲ್ಲೇ ಮಿಂಚುವ ಆಸೆ. ಗಂಟಲು ಸರಿಮಾಡಿಕೊಂಡು "ಶಲ್ ವಿ ಕಮೆನ್ಸ್ ಅವರ್ ಲವ್?" ಅಂದನಂತೆ.

ಚಿಗವ್ವ ದಡದಡ ಇಳಿದು ಬಂದಳು. "ಬ್ಯಾಡಕ್ಕ. ಕಮೆನ್ಸ್ ಅನ್ನೋದು ಕೋರ್ಟಿನ ಮಾತು. ಈತನ ಕಟಗೊಂಡ್ರ ಪ್ರೀತಿ ಮಾಡಾಕೂ ಮುಂದಿನ ತಾರೀಖ ಕೊಡ್ತಾನ!"

ಅವ್ವ ಹಣೆ ಚಚ್ಚಿಕೊಂಡಳು. "ಮೂಗು ಛಲೋ ಇಲ್ಲಂತ ಬ್ಯಾಡಂದವರನ್ನ ಕಂಡೀನಿ, ಹಲ್ಲು ಉಬ್ಬಂತ ಬ್ಯಾಡಂದವರನ್ನ ಕಂಡೀನಿ. ಕ್ರಿಯಾಪದ ಛಲೋ ಇಲ್ಲಂತ ಗಂಡು ಬ್ಯಾಡಂದಾಕಿ ನೀ ಒಬ್ಬಾಕೀನ ನೋಡವಾ!"

ಆಮೇಲೆ ಗಂಡುಗಳು ಬರುವುದು ನಿಂತಿತು. ಚಿಗವ್ವ ಐವತ್ತು ದಾಟಿದಳು. ತಲೆ ಅಲ್ಲಲ್ಲಿ ಬೆಳ್ಳಗಾಯಿತು. ಅದರ ಬಗ್ಗೆ ಯಾರೂ ಮಾತಾಡದಂತಾದರು.

ಅಷ್ಟರಲ್ಲಿ ಅವಳ ಶಾಲೆಗೊಂದು ಕುಡಿಯುವ ನೀರಿನ ಯಂತ್ರ ಬಂತು. ಉದ್ಘಾಟನೆಗೆ ಶಾಮಿಯಾನ, ಹಾರ, ರಿಬ್ಬನ್ನು. ಊರಿನ ಹಿರಿಯರೊಬ್ಬರು ರಿಬ್ಬನ್ ಕತ್ತರಿಸಿ ನಲ್ಲಿ ತಿರುಗಿಸಿದರು. ಹನಿ ನೀರಿಲ್ಲ! ಒಳಗೆ ಮೋಟಾರು ಬರೀ ಗುಂಯ್ ಅನ್ನುತ್ತಿದೆ. ಚಿಗವ್ವ ಹೆಡ್ ಮಾಸ್ತರರ ಕಿವಿಯಲ್ಲಿ "ಇನಾಗರೇಟ್ ಆಗೈತ್ರಿ ಸರ್. ಸ್ಟಾರ್ಟ್ ಆಗಿಲ್ಲ. ಎರಡೂ ಬ್ಯಾರೆ" ಅಂದಳು. ಅವರು ಅವಳನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಮೋಟಾರು ನೋಡಲು ಗಂಗಾವತಿಯಿಂದ ವೈಂಡಿಂಗ್ ಮಾಸ್ತರನನ್ನು ಕರೆಸಿದರು. ಸಿದ್ದಾಪುರ, ಮರಳಿ ಊರುಗಳ ಕಡೆಯ ಭತ್ತದ ಗದ್ದೆಗಳ ಪಂಪುಸೆಟ್ಟು ಸುಟ್ಟರೆ ತಂತಿ ಸುತ್ತಿಕೊಡುವವನು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವನ ಬಾಯಲ್ಲಿ ಇದ್ದದ್ದು ಒಂದೇ ಶಬ್ದ: ಚಾಲೂ! ಮೋಟಾರು ಚಾಲೂ, ಮಳೆ ಚಾಲೂ, ಸಾಲಿ ಚಾಲೂ, ಹಲ್ಲುನೋವೂ ಚಾಲೂ! ಚಿಗವ್ವ ಅವನ ಎದುರಿಗೇ ಹೋಗಿ ನಿಂತಳು.

"ಎಲ್ಲಾದಕ್ಕೂ ಒಂದ ಮಾತೇನ್ರಿ ನಿಮ್ಮದು?"

"ಮತ್ತೇನ್ರಿ ಟೀಚರ್? ಬಂದ್ ಇದ್ದದ್ದು ಚಾಲೂ ಆಗಬೇಕು. ಅಷ್ಟ ಐತಿ."

ಇಂಥ ಘೋರ ಅಜ್ಞಾನವನ್ನು ತಿದ್ದದೆ ಬಿಡುವುದುಂಟೆ? ಚಿಗವ್ವ ತಿದ್ದತೊಡಗಿದಳು. ಮೋಟಾರು ಅಂದೇ ರಿಪೇರಿಯಾಗಿತ್ತು. ಆದರೂ ಮಾಸ್ತರ ಮರುವಾರ "ಚೆಕ್ ಮಾಡಿ ಹೋಗೂಣಂತ ಬಂದೀನ್ರಿ" ಎಂದು ಬಂದ. ಅದರ ಮರುವಾರವೂ ಬಂದ. ಇಡೀ ತಾಲ್ಲೂಕಿನಲ್ಲಿ ಅಷ್ಟು ಆರೈಕೆ ಕಂಡ ಮೋಟಾರು ಬೇರೊಂದಿರಲಿಕ್ಕಿಲ್ಲ! ಅವನು ಲಾಂಚ್, ಕಮೆನ್ಸ್ ಎಲ್ಲ ಕಲಿತ. ಕಲಿತು, ಬೇಕೆಂದೇ ಅದಲುಬದಲು ಮಾಡಿ ಹೇಳುತ್ತಿದ್ದ. "ಟೀಚರ್, ಚಾ ಲಾಂಚ್ ಮಾಡೂಣೇನ್ರಿ?" ಅಂದರೆ ಚಿಗವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳಂತೆ. ವ್ಯಾಕರಣ ತಪ್ಪಿದಾಗ ಅವಳು ನಕ್ಕದ್ದು ಚರಿತ್ರೆಯಲ್ಲೇ ಮೊದಲು!

ಒಂದು ಭಾನುವಾರ ಕುಷ್ಟಗಿಗೆ ಬಂದು, ಊಟದ ತಟ್ಟೆಯ ಮುಂದೆ ಕುಳಿತು, "ಅಕ್ಕಾ, ನಾ ಆ ಮಾಸ್ತರನ್ನ ಮದಿವಿ ಆಗ್ತೀನಿ" ಅಂದಳು.

ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಈ ವಯಸ್ಸಿನಾಗ? ತಲಿ ಬೆಳ್ಳಗಾದ ಮ್ಯಾಲೆ? ಜನ ನಗ್ತಾರ."

"ನಗಲಿ ಬಿಡಕ್ಕ."

"ಅಂಥಂಥವರನ್ನೆಲ್ಲಾ ಬ್ಯಾಡಂದು, ಈಗ ತಂತಿ ಸುತ್ತಾಂವ ಬೇಕಾತೇನ? ಹಂಗ ಮಾಡಿದ್ರ ನನ್ನ ಮನಿ ಮೆಟ್ಟಿಲ ಹತ್ತಬ್ಯಾಡ!"

ಚಿಗವ್ವ ಕೈ ತೊಳೆದುಕೊಂಡು ಎದ್ದಳು. ನಾನು ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ಅವಳನ್ನು ನಗಿಸಲೆಂದು, "ಚಿಗವ್ವ, ಇದು ಸ್ಟಾರ್ಟೋ, ಕಮೆನ್ಸೋ, ಏನಿದು?" ಎಂದು ಕೇಳಿದೆ.

ಅವಳು ನಗಲಿಲ್ಲ. "ಸ್ಟಾರ್ಟ್ ಆದದ್ದು ಸಪ್ಪಳ ಮಾಡತೈತಿ, ಗೊತ್ತಾಗತೈತಿ. ಬಿಗಿನ್ ಆದದ್ದು ಹಂಗಲ್ಲ. ನೋಡೂದ್ರಾಗ ಅದು ಆಗ್ಲೇ ನಡದಿರತೈತಿ. ನಿಮ್ಮವ್ವಗ ಇದನ್ನ ಹೆಂಗ ಹೇಳಲಿ?"

ಮನೆಯಲ್ಲಿ ಅವ್ವ ತಂಗಿಯ ಹೆಸರೆತ್ತುವುದನ್ನೇ ಬಿಟ್ಟಳು. ಫೋನು ಬಂದರೆ ಹಿತ್ತಿಲಿಗೆ ನಡೆಯುತ್ತಿದ್ದಳು.

ಗಂಗಾವತಿಯಲ್ಲೇ ರಿಜಿಸ್ಟರ್ ಮದುವೆ ಎಂದು ಗೊತ್ತಾಯಿತು. ಆ ದಿನ ಬೆಳಿಗ್ಗೆ ಸಾಕ್ಷಿ ಸಹಿ ಹಾಕಲು ಹೊರಟ ನಾನು ಗಾಡಿ ಹೊರಗೆ ತೆಗೆದರೆ, ಅವ್ವ ಇಳಕಲ್ ಸೀರೆ ಉಟ್ಟು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಕುಳಿತಳು. ಗಂಗಾವತಿ ಮುಟ್ಟಿದಾಗ ತಾನೇ ಮುಂದಾಗಿ ಇಳಿದು ಚಿಗವ್ವನ ಮನೆಯ ಬಾಗಿಲು ಬಡಿದಳು.

ಚಿಗವ್ವ ಬಾಗಿಲು ತೆರೆದಳು. ಹೊಸ ಸೀರೆ ಉಟ್ಟಿದ್ದಳು, ಕೂದಲನ್ನು ಮಾತ್ರ ದಿನದಂತೆ ಗಂಟು ಹಾಕಿದ್ದಳು. ಅಕ್ಕನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ಅವ್ವ ಮೇಲಿಂದ ಕೆಳಗೆ ನೋಡಿದಳು.

"ಇದೇನ, ಸಾಲಿಗೆ ಹೊಂಟೀಯೇನ? ಕುಂದರು ಇಲ್ಲೆ."

ಚಿಗವ್ವ ನೆಲದ ಮೇಲೆ ಕುಳಿತಳು. ಅವ್ವ ಹಿಂದೆ ಕುರ್ಚಿ ಎಳೆದುಕೊಂಡು, ಕೈಚೀಲದಿಂದ ಹಣಿಗೆ, ಎಣ್ಣೆ, ಮಲ್ಲಿಗೆ ದಂಡೆ ತೆಗೆದಳು. ಗಂಟು ಬಿಚ್ಚಿದಳು. ಇವರ ತಾಯಿ ತೀರಿಕೊಂಡಾಗ ಚಿಗವ್ವ ಇನ್ನೂ ಶಾಲೆಗೆ ಸೇರಿರಲಿಲ್ಲವಂತೆ. ಅವಳ ತಲೆ ಬಾಚಿ ಹೆರಳು ಹಾಕಿ ಬೆಳೆಸಿದವಳು ಅವ್ವನೇ.

ಹೊರಗೆ ಮಾಸ್ತರ ಕಾರು ತಂದು ನಿಲ್ಲಿಸಿದ್ದ. ಹಾರ್ನ್ ಬಾರಿಸಲು ಧೈರ್ಯ ಸಾಲದೆ ಒಮ್ಮೆ ಕೆಮ್ಮಿದ.

ಅವ್ವ ಬಿಳಿ ಕೂದಲುಗಳನ್ನು ಕರಿಯ ಕೂದಲ ಒಳಗೆ ಸೇರಿಸುತ್ತ, ನಿಧಾನವಾಗಿ ಹೆರಳು ಹಾಕಿ ಮುಗಿಸಿದಳು. ಹೂ ಮುಡಿಸಬೇಕೆಂದವಳು ಕೈ ತಡೆದು, "ಸಡ್ಲ ಆತು" ಅಂದಳು.

ಸಡಿಲವೇನೂ ಆಗಿರಲಿಲ್ಲ. ಅದು ನನಗೂ ಕಾಣುತ್ತಿತ್ತು. ಅಕ್ಕ ಹೆರಳನ್ನು ಪೂರ್ತಿ ಬಿಚ್ಚಿ ಮತ್ತೆ ಬಾಚತೊಡಗಿದರೆ, ಚಿಗವ್ವ ಕಣ್ಣು ಮುಚ್ಚಿಕೊಂಡು, ತಲೆಯನ್ನು ಇನ್ನಷ್ಟು ಹಿಂದಕ್ಕೆ ಅವಳ ಮಡಿಲಿಗೆ ಕೊಟ್ಟಳು.