ದ್ವೀಪದಿಂದ ಬಂದ ಲಕ್ಷ್ಮಿ

ಗಂಡನ ಹವ್ಯಾಸವನ್ನು ಅವರು ಇರುವಷ್ಟು ಕಾಲ ಬೈಯಬಹುದು. ಆಮೇಲೆ ಅದರ ಧೂಳು ಒರೆಸಬೇಕಾಗುತ್ತದೆ. ನಮ್ಮವರು ಇಂಗ್ಲೆಂಡಿನ ವಿದನ್‌ಶಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಾಗಿದ್ದರು. ರಿಟೈರ್ ಆದಮೇಲೆ ನಾಣ್ಯ ಕೂಡಿಸತೊಡಗಿದರು. ಅದೂ ಎಂಥ ನಾಣ್ಯ! ಪೆಸಿಫಿಕ್ ಸಾಗರದಲ್ಲಿ, ಮ್ಯಾಪಿನ ಮೇಲೆ ನೊಣ ಕೂತಂತೆ ಕಾಣುವ ದ್ವೀಪಗಳು ಹೊರದೇಶದವರಿಗೆ ಮಾರಲೆಂದೇ ಹೊರಡಿಸುವ ಬಣ್ಣದ ಬೆಳ್ಳಿ ನಾಣ್ಯ. ಆ ದ್ವೀಪದ ತರಕಾರಿಯವಳೇ ಅದನ್ನು ಕಂಡಿರಲಿಕ್ಕಿಲ್ಲ. ಒಂದರ ಮೇಲೆ ಡೈನೋಸಾರ್, ಒಂದರ ಮೇಲೆ ಪಾಂಡಾ, ಒಂದರ ಮೇಲೆ ನಮ್ಮ ಲಕ್ಷ್ಮಿ. ಹಿಂಬದಿಗೆ ಎಲ್ಲಕ್ಕೂ ಇಲ್ಲಿನ ರಾಣಿ.

"ದೀಪಾವಳಿ ಪೂಜೆಗೆ ಇಡ್ತೇನೆ, ಕೊಡಿ" ಅಂದರೆ, "ಪೂಜೆಗಲ್ಲ ಮಾರಾಯ್ತಿ, ಪ್ರೂಫ್ ಕಾಯಿನ್ ಇದು, ಕನ್ನಡಿ ಹಾಗೆ ಪಾಲಿಶ್. ಉಸಿರು ತಾಗಿದ್ರೂ ಹಾಳಾಗ್ತದೆ" ಎಂದು ಬಿಳಿ ಗ್ಲೌಸ್ ಹಾಕಿಕೊಳ್ಳುತ್ತಿದ್ದರು. ನನಗೂ ಒಳಗೊಳಗೆ ಸಮಾಧಾನವೇ. ಲಕ್ಷ್ಮಿ ಮೇಲೆ ಬಂದರೆ ರಾಣಿ ಅರಿಶಿನದ ತಟ್ಟೆಯಲ್ಲಿ ಬೋರಲು ಮಲಗಬೇಕು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಕೈಗೆ ಅಂಥ ಬ್ಯಾಡ್ ಮ್ಯಾನರ್ಸ್ ಬರುವುದಿಲ್ಲ.

ಈಗ ಇವರಿಲ್ಲ. ಮನೆ ಬಿಟ್ಟು ನಾನು ಮಗಳು ಶಾಲಿನಿಯ ಮನೆಯ ಬಾಕ್ಸ್‌ರೂಮೆಂಬ ಪುಟ್ಟ ಕೋಣೆಗೆ ಹೋಗಬೇಕು. "ಅಮ್ಮಾ, ಯೂ ಕಾಂಟ್ ಕೀಪ್ ಎವ್ರಿಥಿಂಗ್" ಎಂದು ಅವಳು ನಾಣ್ಯಗಳ ಪೆಟ್ಟಿಗೆಯನ್ನೂ ನನ್ನನ್ನೂ ಹಡರ್ಸ್‌ಫೀಲ್ಡಿನ ನಾಣ್ಯದಂಗಡಿಗೆ ಕರೆದೊಯ್ದಳು. ಲಕ್ಷ್ಮಿಯೊಂದನ್ನಾದರೂ ಉಳಿಸಿಕೊಳ್ಳುವ ಆಸೆ ನನಗೆ. ಆದರೆ ಇಷ್ಟು ವರ್ಷ 'ಜಂಕ್' ಎಂದು ಕರೆದದ್ದನ್ನು ಯಾವ ಮುಖ ಹೊತ್ತು ಬೇಡಲಿ?

ಅಂಗಡಿಯಾತ ಭೂತಗನ್ನಡಿ ಹಿಡಿದು ಒಂದೊಂದೇ ನಾಣ್ಯ ನೋಡುತ್ತ ಲಕ್ಷ್ಮಿಯ ಹತ್ತಿರ ನಿಂತ. "ಸಾರಿ ಲವ್, ದಿಸ್ ಒನ್ಸ್ ಸ್ಪಾಯ್ಲ್ಟ್" ಎಂದ. ಈ ಕಡೆಯ ಅಂಗಡಿಯವರಿಗೆ ಹೆಂಗಸರೆಲ್ಲ ಲವ್ವೇ. ಯಾರೋ ಬರಿಗೈಲಿ ಒತ್ತಿದ್ದಾರಂತೆ, ಏನೋ ಕೆಂಪು ಹತ್ತಿದೆಯಂತೆ, ಇದನ್ನು ಯಾರೂ ಕೊಳ್ಳುವುದಿಲ್ಲವಂತೆ.

ಬಗ್ಗಿ ನೋಡಿದೆ. ಹಣೆ, ಮೂಗು, ಅರ್ಧ ಕಮಲ ಎಲ್ಲವನ್ನೂ ಮುಚ್ಚಿ ಕುಂಕುಮದ ಹೆಬ್ಬೆಟ್ಟು. ಹೋದ ದೀಪಾವಳಿಗೆ ನಾನು ಮಂಡಿಯ ಆಪರೇಷನ್ನಾಗಿ ವಾರ್ಡಿನಲ್ಲಿದ್ದೆ. ದೀಪ ಹಚ್ಚಿದಿರಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, "ಎಲ್ಲ ಆಯ್ತು, ನೀನು ಮಲ್ಕೋ" ಎಂದಿದ್ದರು. ಲೈಟಿನ ಸ್ವಿಚ್ ಹಾಕಿರುತ್ತಾರೆ ಎಂದುಕೊಂಡಿದ್ದೆ. ಈ ಮನುಷ್ಯ ಗ್ಲೌಸ್ ಕಳಚಿಟ್ಟು ಪೂಜೆಯನ್ನೇ ಮಾಡಿದ್ದಾರೆ. ಉಂಗುರದ ಬೆರಳಲ್ಲಿ ಇಡುವ ಕುಂಕುಮವನ್ನು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ಹಾಗೆ ಒತ್ತಿದ್ದಾರೆ. ಹಾಗಲ್ಲ ರೀ, ಹೀಗೆ ಎಂದು ಬೆರಳು ಹಿಡಿದು ತೋರಿಸೋಣವೆಂದರೆ ಬೆರಳೆಲ್ಲಿದೆ?

"ಸೋ ವಾಟ್ ಡು ವಿ ಡು ವಿತ್ ಇಟ್?" ಶಾಲಿನಿ ಕೇಳಿದಳು.

"ಯಾರೂ ತಕ್ಕೊಳ್ಳುದಿಲ್ಲವಂತೆ ಮಗಾ, ಎಂತ ಮಾಡುದು" ಎಂದು ದೊಡ್ಡ ನಷ್ಟವಾದವಳಂತೆ ನಿಟ್ಟುಸಿರು ಬಿಟ್ಟೆ. ನಾಟಕಕ್ಕೆ ಬೇಕಾದ ಕಣ್ಣೀರು ಆಗಲೇ ಬಂದಿತ್ತು. ಅಂಗಡಿಯಾತ ಮನಸ್ಸು ಬದಲಿಸುವ ಮೊದಲೇ ಲಕ್ಷ್ಮಿಯನ್ನು ಹ್ಯಾಂಡ್‌ಬ್ಯಾಗಿಗೆ ಸೇರಿಸಿ ಜಿಪ್ ಎಳೆದುಬಿಟ್ಟೆ.